ಸಾಕ್ಷಿ ನುಡಿದವರಿಗಷ್ಟೇ ಆಸರೆಯೇ?

ಕಳೆದ ತಿಂಗಳು ಒಂದು ಬೆಳಿಗ್ಗೆ ವಾಯುವಿಹಾರ ಮುಗಿಸಿ ಬಂದು ಕಾಫಿಯ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಮೆರಿಕದಿಂದ ದೂರವಾಣಿ ಕರೆ ಬಂತು. ಮೂವತ್ತು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಓದಿದ ವಿದ್ಯಾರ್ಥಿನಿ. ವ್ಯಾಕರಣದಲ್ಲಿ ನನ್ನ ತಪ್ಪನ್ನೇ ಹಿಡಿಯುತ್ತಿದ್ದ ಹುಡುಗಿ. ಈಗ ಅಲ್ಲಿಯೇ ನೆಲೆಸಿ, ಬಿಡುವಿನ ವೇಳೆಯಲ್ಲಿ ಬಡವರಿಗೆ ಕಾನೂನು ನೆರವು ನೀಡುವ ಸಂಸ್ಥೆಯೊಂದಕ್ಕೆ ಸಂಬಳವಿಲ್ಲದ ದುಭಾಷಿಯಾಗಿ ದುಡಿಯುತ್ತಾಳೆ. ಕುಶಲೋಪರಿಯೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದಳು.

“ಸರ್, ಕೋಅರ್ಷನ್ ಅನ್ನುವುದಕ್ಕೆ ಕನ್ನಡದಲ್ಲಿ ಸರಿಯಾದ ಪದ ಯಾವುದು? ಫೋರ್ಸ್ ಅಂದರೆ ಬಲಪ್ರಯೋಗ, ಫ್ರಾಡ್ ಅಂದರೆ ಮೋಸ. ಇವೆರಡೂ ಸುಲಭ. ಮೂರನೆಯದಕ್ಕೆ ಬಲವಂತ ಅಂತ ಹೇಳಿದರೆ ಎದುರಿಗೆ ಕೂತವರು, ‘ಯಾರೂ ಬಲವಂತ ಮಾಡಲಿಲ್ಲ ಕಣಮ್ಮ, ನಾನೇ ಒಪ್ಪಿಕೊಂಡು ಬಂದೆ’ ಅಂತಾರೆ. ಹಾಗಂದುಬಿಟ್ಟರೆ ಅವರ ಅರ್ಜಿಯೇ ಬಿದ್ದುಹೋಗುತ್ತದೆ.”

ಯಾರ ಅರ್ಜಿ, ಯಾವ ಊರಿನವರು ಎಂದು ನಾನು ಕೇಳಲಿಲ್ಲ. ಅವಳೂ ಹೇಳುವಂತಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಹಲವು ದಿನ ಬಿಡಲಿಲ್ಲ. ಅವಳು ಕಳುಹಿಸಿದ ವಿವರಗಳನ್ನು ಓದಿದೆ, ಹಳೆಯ ಪತ್ರಿಕಾ ತುಣುಕುಗಳನ್ನು ತೆಗೆದು ನೋಡಿದೆ. ನನಗೆ ಅನ್ನಿಸಿದ್ದನ್ನು ಓದುಗ ಮಿತ್ರರ ಮುಂದೆ ಇಡುತ್ತಿದ್ದೇನೆ.

ಅಮೆರಿಕದ ಸಂಸತ್ತು ಮಾನವ ಕಳ್ಳಸಾಗಣೆಗೆ ಬಲಿಯಾದವರ ರಕ್ಷಣೆಗೆಂದು ಕಾಯಿದೆಯೊಂದನ್ನು ರೂಪಿಸಿತು. 2000ದ ಅಕ್ಟೋಬರ್ 28ರಂದು ಅಧ್ಯಕ್ಷ ಕ್ಲಿಂಟನ್ ಅದಕ್ಕೆ ಅಂಕಿತ ಹಾಕಿದರು. ಅದರಿಂದ ಹುಟ್ಟಿದ್ದು ‘ಟಿ ವೀಸಾ’. ಕೆಲಸದ ಆಸೆ ತೋರಿಸಿಯೋ ಮದುವೆಯ ನೆಪದಲ್ಲೋ ಕರೆತರಲ್ಪಟ್ಟು, ದುಡಿಮೆಗೆ ಅಥವಾ ದೇಹವ್ಯಾಪಾರಕ್ಕೆ ನೂಕಲ್ಪಟ್ಟವರು ಆ ದೇಶದಲ್ಲಿಯೇ ಉಳಿದು ಬದುಕು ಕಟ್ಟಿಕೊಳ್ಳಲು ಈ ವೀಸಾ ಅವಕಾಶ ಕೊಡುತ್ತದೆ. ಅವಧಿ ನಾಲ್ಕು ವರ್ಷ. ಕೆಲಸ ಮಾಡುವ ಅನುಮತಿಯೂ ಉಂಟು. ಸಾಮಾನ್ಯವಾಗಿ ಮೂರು ವರ್ಷ ಅಲ್ಲಿಯೇ ಇದ್ದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಗಂಡ ಅಥವಾ ಹೆಂಡತಿಯನ್ನು, ಮಕ್ಕಳನ್ನು ಕರೆಸಿಕೊಳ್ಳಬಹುದು. ಅರ್ಜಿದಾರರು ಇಪ್ಪತ್ತೊಂದು ತುಂಬದವರಾದರೆ ತಂದೆತಾಯಿಯರನ್ನೂ ಹದಿನೆಂಟು ತುಂಬದ, ಮದುವೆಯಾಗದ ಒಡಹುಟ್ಟಿದವರನ್ನೂ ಸಹ. ಅರ್ಜಿಗೆ ಶುಲ್ಕವಿಲ್ಲ. ಇಷ್ಟನ್ನು ಓದಿದಾಗ, ಹೊರದೇಶದ ಒಬ್ಬ ದಿಕ್ಕಿಲ್ಲದವನಿಗಾಗಿ ಇಷ್ಟೆಲ್ಲ ಯೋಚಿಸಿದ್ದಾರಲ್ಲ ಎಂದು ಮನಸ್ಸು ತುಂಬಿ ಬಂದದ್ದು ನಿಜ.

ಆದರೆ ಅರ್ಹತೆಯ ನಿಯಮಗಳಿವೆ. ಬಲಪ್ರಯೋಗ, ಮೋಸ ಅಥವಾ ನನ್ನ ಶಿಷ್ಯೆ ಕೇಳಿದ ಆ ಮೂರನೆಯ ಪದ, ಇವುಗಳಲ್ಲಿ ಒಂದಾದರೂ ನಡೆದಿದೆಯೆಂದು ತೋರಿಸಬೇಕು. ಆ ಕಾರಣದಿಂದಲೇ ತಾನು ಅಮೆರಿಕದ ನೆಲದಲ್ಲಿ ಇದ್ದೇನೆಂದು ತೋರಿಸಬೇಕು. ಹಿಂದಕ್ಕೆ ಕಳುಹಿಸಿದರೆ ಅಸಾಧಾರಣವಾದ, ತೀವ್ರವಾದ ಹಾನಿಯಾಗುತ್ತದೆಂದು ತೋರಿಸಬೇಕು. ಇನ್ನೊಂದು ಷರತ್ತು, ನನ್ನ ತಕರಾರು ಇರುವುದು ಇದರ ಬಗ್ಗೆ: ಪೊಲೀಸರು ಅಥವಾ ತನಿಖಾಧಿಕಾರಿಗಳು ಕೇಳುವ ನ್ಯಾಯವಾದ ಸಹಕಾರವನ್ನು ಕೊಟ್ಟಿರಬೇಕು. ಅಂದರೆ, ತನ್ನನ್ನು ದುಡಿಸಿಕೊಂಡವನ ವಿರುದ್ಧ ಬಾಯಿ ಬಿಡಬೇಕು.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಕೇಳಿದವನು. ಅದಕ್ಕೆ ನನಗೆ ಉತ್ತರ ಕೊಟ್ಟದ್ದು ಅಮೆರಿಕವಲ್ಲ, 1988ರಲ್ಲಿ ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗ.

ಆಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬಯಲುಸೀಮೆಯ ಒಂದು ಹೋಬಳಿ ಕೇಂದ್ರದ ಶಾಲೆ. ಹುಡುಗ ಜೂನ್, ಜುಲೈ ಎರಡು ತಿಂಗಳು ಬಂದ, ಆಮೇಲೆ ಕಾಣೆಯಾದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳ ಸಾಲು ಬೆಳೆಯುತ್ತ ಹೋಯಿತು. ವಿಚಾರಿಸಿದಾಗ ತಿಳಿಯಿತು, ಅಕ್ಕನ ಮದುವೆಗೆ ತಂದೆ ಮಾಡಿದ್ದ ಸಾಲಕ್ಕೆ ಪ್ರತಿಯಾಗಿ ಅವನನ್ನು ಪಕ್ಕದ ಹಳ್ಳಿಯ ಸಾಹುಕಾರರ ಮನೆಯಲ್ಲಿ ದನ ಕಾಯಲು ಬಿಟ್ಟಿದ್ದರು. ನಮ್ಮ ಕಡೆ ಇದಕ್ಕೆ ಹೆಸರೇ ಇದೆ, ಜೀತ. ಜೀತಪದ್ಧತಿಯನ್ನು ರದ್ದುಪಡಿಸಿದ 1976ರ ಕಾಯಿದೆಯನ್ನು ಸಮಾಜ ವಿಜ್ಞಾನದ ತರಗತಿಯಲ್ಲಿ ನಾನೇ ಬೋಧಿಸುತ್ತಿದ್ದೆ. ಬಿಸಿರಕ್ತ. ತಾಲ್ಲೂಕು ಕಚೇರಿಗೆ ಅರ್ಜಿ ಬರೆದು ಹಾಕಿದೆ.

ವಿಚಾರಣೆಗೆ ಅಧಿಕಾರಿಗಳು ಬಂದರು. ಎಲ್ಲಿ? ಸಾಹುಕಾರರ ಮನೆಯ ಜಗಲಿಗೇ. ಅವರಿಗೆ ಅಲ್ಲಿ ಕುರ್ಚಿ ಹಾಕಿ ಎಳನೀರು ಕೊಟ್ಟರು. ಹುಡುಗನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿದರು. ಸಾಹುಕಾರರು ಕಂಬಕ್ಕೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವನ ತಂದೆ ಚಪ್ಪಲಿ ಬಿಟ್ಟು ದೂರದಲ್ಲಿ ಕೈಕಟ್ಟಿ ನಿಂತಿದ್ದ.

“ಯಾರಾದರೂ ನಿನ್ನನ್ನು ಬಲವಂತವಾಗಿ ಇಟ್ಟುಕೊಂಡಿದ್ದಾರೇನೋ?”

“ಇಲ್ಲ ಸ್ವಾಮಿ.”

“ಮತ್ತೆ ಇಲ್ಲಿ ಯಾಕಿದ್ದೀಯ?”

“ನಾನೇ ಇದ್ದೀನಿ ಸ್ವಾಮಿ.”

ಅಧಿಕಾರಿಗಳು ಬರೆದುಕೊಂಡರು. ಹುಡುಗ ಹೆಬ್ಬೆಟ್ಟು ಒತ್ತಲಿಲ್ಲ, ರುಜು ಮಾಡಿದ. ನಾವೇ ಕಲಿಸಿದ ದುಂಡು ಅಕ್ಷರದ ರುಜು. ನನಗೆ ಅವನ ಮೇಲೆ ಸಿಟ್ಟು ಬಂತು ಎಂದರೆ ನೀವು ನಂಬಬೇಕು. ಇಷ್ಟೆಲ್ಲ ಓಡಾಡಿದರೂ ಇವನು ಬಾಯಿ ಬಿಡಲಿಲ್ಲವಲ್ಲ ಎಂದು ಸೈಕಲ್ ಹತ್ತಿ ಬಂದುಬಿಟ್ಟೆ. ಅರ್ಧ ದಾರಿಗೆ ಬಂದ ಮೇಲೆ ಹೊಳೆಯಿತು, ಆ ರಾತ್ರಿ ಅವನು ಮಲಗಬೇಕಾಗಿದ್ದುದು ಅದೇ ಮನೆಯ ಕೊಟ್ಟಿಗೆಯಲ್ಲಿ. ಬೇರೆ ಒಂದು ಚಾಪೆಯನ್ನು ನಾವು ಯಾರೂ ಅವನಿಗೆ ಹಾಸಿರಲಿಲ್ಲ. ಹಾಸ್ಟೆಲಿನಲ್ಲಿ ಒಂದು ಜಾಗ ಕೊಡಿಸಿ, ಒಂದು ತಿಂಗಳು ಇರಿಸಿಕೊಂಡು, ಆಮೇಲೆ ಕೇಳಬಹುದಿತ್ತು. ಕೇಳಲಿಲ್ಲ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಟಿ ವೀಸಾದ ಅರ್ಹತೆಯ ಪಟ್ಟಿಯನ್ನು ಓದುವಾಗ ನನಗೆ ಕಂಡದ್ದು ಆ ಅಂಗಳ.

ಈ ಷರತ್ತಿಗೆ ಒಂದು ಪೂರ್ವೇತಿಹಾಸವಿದೆ. 1995ರ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ಬಳಿಯ ಎಲ್ ಮಾಂಟೆ ಎಂಬಲ್ಲಿ ಮುಳ್ಳುತಂತಿ ಸುತ್ತಿದ ವಸತಿ ಸಮುಚ್ಚಯವೊಂದರಲ್ಲಿ ಥಾಯ್ಲೆಂಡಿನ 72 ಮಂದಿ ಹೊಲಿಗೆಯವರು ಪತ್ತೆಯಾದರು. ಕೆಲವರು ವರ್ಷಗಟ್ಟಲೆ ಹೊರಗಿನ ಬೀದಿ ನೋಡಿರಲಿಲ್ಲ. ಬಿಡಿಸಿದ ಸರ್ಕಾರ ಮೊದಲು ಮಾಡಿದ ಕೆಲಸವೆಂದರೆ ಅವರನ್ನು ವಲಸೆ ಇಲಾಖೆಯ ಬಂಧನಕ್ಕೆ ಒಯ್ದದ್ದು! ಹೋರಾಟಗಾರರು ಗಲಾಟೆ ಮಾಡಿದ ಮೇಲೆ ಬಿಟ್ಟರು. ಅಂಥವರಿಗೆ ಕೊಡಲು ಆಗ ಬೇರೆ ವೀಸಾ ಇರಲಿಲ್ಲ. ಅಪರಾಧಿಗಳ ಗುಟ್ಟು ಹೇಳುವ ಮಾಹಿತಿದಾರರಿಗೂ ಸಾಕ್ಷಿಗಳಿಗೂ ಎಂದು 1994ರಲ್ಲಿ ಸೃಷ್ಟಿಸಿದ್ದ ‘ಎಸ್ ವೀಸಾ’ವನ್ನೇ ಅವರಿಗೆ ಹೊಂದಿಸಿದರು. ಐದು ವರ್ಷಗಳ ನಂತರ ಟಿ ವೀಸಾ ಬಂದಾಗ ಹೆಸರು ಬದಲಾಯಿತು, ಉದ್ದೇಶ ದೊಡ್ಡದಾಯಿತು. ಆದರೆ ಸಾಕ್ಷಿಯ ವೀಸಾದ ರಕ್ತ ಅದರಲ್ಲಿ ಉಳಿದೇಬಿಟ್ಟಿತು ಎಂದು ನನ್ನ ಭಾವನೆ.

ಕಾನೂನು ಬರೆದವರು ಕಲ್ಲುಹೃದಯದವರೆಂದು ನಾನು ಹೇಳುತ್ತಿಲ್ಲ. ಆ ಮೂರನೆಯ ಪದದ ಇತಿಹಾಸವನ್ನೇ ನೋಡಿ. ಮಿಷಿಗನ್ ರಾಜ್ಯದ ಹೈನುಗಾರಿಕೆಯ ತೋಟವೊಂದರಲ್ಲಿ ಬುದ್ಧಿಮಾಂದ್ಯರಾದ ಇಬ್ಬರು ಗಂಡಸರನ್ನು ವಾರದ ಏಳು ದಿನವೂ, ಎಷ್ಟೋ ಸಲ ದಿನಕ್ಕೆ 17 ಗಂಟೆ, ಕೊನೆಕೊನೆಗೆ ಸಂಬಳವೇ ಇಲ್ಲದೆ ದುಡಿಸಿಕೊಂಡಿದ್ದರು. ಈ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಪು ಕೊಟ್ಟು, ದೈಹಿಕ ಬಲಪ್ರಯೋಗ ಅಥವಾ ಕಾನೂನಿನ ಬೆದರಿಕೆ ಇದ್ದರೆ ಮಾತ್ರ ಅದು ಗುಲಾಮಗಿರಿಗೆ ಸಮಾನವಾದ ಅಪರಾಧ, ಮನಸ್ಸಿನ ಮೇಲೆ ಹಾಕಿದ ಹಿಡಿತ ಸಾಲದು ಎಂದಿತು. ನಮ್ಮ ಹುಡುಗನೂ ಅಂಗಳದಲ್ಲಿ ನಿಂತದ್ದು ಅದೇ ವರ್ಷ, ಎಂಥ ಕಾಕತಾಳೀಯ! ಆ ತೀರ್ಪಿನ ಕೊರತೆಯನ್ನು 2000ದ ಕಾಯಿದೆ ತುಂಬಿತು. ‘ನಾನು ಕೆಲಸ ಬಿಟ್ಟರೆ ನನಗೋ ನನ್ನವರಿಗೋ ದೊಡ್ಡ ಕೇಡು ಕಾದಿದೆ’ ಎಂದು ಒಬ್ಬ ಮನುಷ್ಯ ನಂಬುವಂತೆ ಹೂಡಿದ ಯಾವುದೇ ಹೂಟವೂ ಕೋಅರ್ಷನ್ ಎಂದು ಅದು ವ್ಯಾಖ್ಯಾನಿಸಿತು. ಪೊಲೀಸರಿಗೆ ಹಿಡಿದುಕೊಡುತ್ತೇನೆ, ಗಡೀಪಾರು ಮಾಡಿಸುತ್ತೇನೆ ಎಂಬ ಬೆದರಿಕೆಯೂ ಅದರಲ್ಲಿ ಸೇರಿತು. ಹಗ್ಗವಿಲ್ಲದೆ ಕಟ್ಟುವ ವಿದ್ಯೆಯನ್ನು ಕಾನೂನು ಗುರುತಿಸಿತು.

ಈ ವಿದ್ಯೆ ನಮ್ಮವರ ಮೇಲೆ ಪ್ರಯೋಗವಾದದ್ದಕ್ಕೆ ದೊಡ್ಡ ಉದಾಹರಣೆ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಹಡಗು ದುರಸ್ತಿ ಕಂಪನಿಯದು. 2005ರ ಕತ್ರೀನಾ ಚಂಡಮಾರುತದ ನಂತರ ಮಿಸಿಸಿಪ್ಪಿಯ ಪ್ಯಾಸ್ಕಗೂಲಾಕ್ಕೂ ಟೆಕ್ಸಸ್‌ನ ಆರೆಂಜ್ ಎಂಬ ಊರಿಗೂ ಭಾರತದಿಂದ ಸುಮಾರು 500 ಮಂದಿ ವೆಲ್ಡರುಗಳನ್ನೂ ಪೈಪ್ ಜೋಡಿಸುವವರನ್ನೂ ಕರೆದೊಯ್ದರು. ಗ್ರೀನ್ ಕಾರ್ಡ್ ಸಿಗುತ್ತದೆಂದು ನಂಬಿಸಿ ದಲ್ಲಾಳಿಗಳು ತಲಾ 10,000ದಿಂದ 20,000 ಡಾಲರಿನವರೆಗೆ ವಸೂಲು ಮಾಡಿದ್ದರು. ಹೊಲ ಮಾರಿದವರು, ಹೆಂಡತಿಯ ಒಡವೆ ಮಾರಿದವರು, ಬಡ್ಡಿಗೆ ತಂದವರು. ಹೋಗಿ ನೋಡಿದರೆ ಸಿಕ್ಕಿದ್ದು ಆ ಒಬ್ಬ ಮಾಲೀಕನ ಹತ್ತಿರ ಮಾತ್ರ ಕೆಲಸ ಮಾಡಬಹುದಾದ ತಾತ್ಕಾಲಿಕ ವೀಸಾ. ಒಂದೊಂದು ಟ್ರೈಲರಿನಲ್ಲಿ 24 ಜನ. ಆ ವಾಸಕ್ಕೆ ತಿಂಗಳಿಗೆ 1,050 ಡಾಲರ್ ಸಂಬಳದಲ್ಲಿ ಕಡಿತ! 2007ರ ಮಾರ್ಚಿನಲ್ಲಿ ಪ್ರತಿಭಟಿಸಹೊರಟ ಮುಂದಾಳುಗಳನ್ನು ಕಾವಲುಗಾರರು ಬೆಳಗಿನ ಜಾವ ಹಿಡಿದು ಊರಿಗೆ ಕಳುಹಿಸಲು ನೋಡಿದಾಗ ಅವರಲ್ಲೊಬ್ಬ ಕೈಯ ನರ ಕೊಯ್ದುಕೊಂಡ. ಸಾಲ ತೀರದೆ ಊರಿಗೆ ಹೋಗುವುದಕ್ಕಿಂತ ಅದೇ ವಾಸಿ ಎನ್ನಿಸಿರಬೇಕು.

ಯಾರೂ ಅವರನ್ನು ಸರಪಳಿಯಲ್ಲಿ ಬಿಗಿದಿರಲಿಲ್ಲ. ಸರಪಳಿ ಇದ್ದದ್ದು ಊರಿನ ಬಡ್ಡಿಯ ಲೆಕ್ಕದಲ್ಲಿ. 2008ರ ಮಾರ್ಚಿನಲ್ಲಿ ನೂರರಷ್ಟು ಜನ ಒಟ್ಟಾಗಿ ಹೊರನಡೆದರು, ವಾಷಿಂಗ್ಟನ್ನಿಗೆ ಹೋದರು, ಉಪವಾಸ ಕುಳಿತರು. 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಐವರಿಗೆ ಸುಮಾರು 1.4 ಕೋಟಿ ಡಾಲರ್ ಪರಿಹಾರ ವಿಧಿಸಿತು. ಅದೇ ವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿ, ಉಳಿದವರೊಂದಿಗೆ 2 ಕೋಟಿ ಡಾಲರಿನ ರಾಜಿಗೆ ಬಂದು ಕ್ಷಮೆ ಕೇಳಿತು. ಈ ಹೋರಾಟಗಾರರಲ್ಲಿ ಅನೇಕರಿಗೆ ಟಿ ವೀಸಾ ದೊರೆತು ಹೆಂಡತಿ ಮಕ್ಕಳು ಅಲ್ಲಿಗೆ ಹೋಗಿ ಸೇರಿದರು. ಆದರೆ ಗಮನಿಸಿ, ಇವರು ಒಬ್ಬೊಬ್ಬರಾಗಿ ಹೊರಬಂದವರಲ್ಲ. ಹಿಂದೆ ಸಂಘಟನೆಯಿತ್ತು, ವಕೀಲರಿದ್ದರು, ಪಕ್ಕದಲ್ಲಿ ನೂರು ಜನ ಸ್ನೇಹಿತರಿದ್ದರು. ಮನೆಗೆಲಸಕ್ಕೆಂದು ಹೋಗಿ ನಾಲ್ಕು ಗೋಡೆಗಳ ಒಳಗಿರುವ ಒಬ್ಬಂಟಿ ಹೆಂಗಸಿಗೆ ಇವೆಲ್ಲ ಎಲ್ಲಿಂದ ಬರಬೇಕು?

ಇದೇ ಸಂದರ್ಭದಲ್ಲಿ 2013ರ ಡಿಸೆಂಬರ್ ನೆನಪಾಗುತ್ತದೆ. ನ್ಯೂಯಾರ್ಕಿನಲ್ಲಿ ನಮ್ಮ ದೇಶದ ಮಹಿಳಾ ರಾಜತಾಂತ್ರಿಕ ಅಧಿಕಾರಿಯೊಬ್ಬರನ್ನು ಬಂಧಿಸಿದಾಗ ನಮ್ಮ ಶಿಕ್ಷಕರ ಕೊಠಡಿ ಕುದಿಯಿತು. ಮನೆಗೆಲಸದಾಕೆಗೆ ಗಂಟೆಗೆ 9.75 ಡಾಲರ್ ಕೊಡುವುದಾಗಿ ವೀಸಾ ಅರ್ಜಿಯಲ್ಲಿ ತೋರಿಸಿ, ಬೇರೆ ಒಪ್ಪಂದದಲ್ಲಿ ತಿಂಗಳಿಗೆ 30,000 ರೂಪಾಯಿ ಎಂದು ಬರೆಸಿಕೊಂಡಿದ್ದರೆಂಬುದು ಆರೋಪ. ಅವರು ಅದನ್ನು ಅಲ್ಲಗಳೆದರು; ರಾಜತಾಂತ್ರಿಕ ವಿನಾಯಿತಿಯ ಪ್ರಶ್ನೆಯಲ್ಲಿ ಸಿಲುಕಿ ಪ್ರಕರಣ ವಿಚಾರಣೆಯ ಹಂತಕ್ಕೇ ಬರಲಿಲ್ಲ. ಅಧಿಕಾರಿಯನ್ನು ನಡೆಸಿಕೊಂಡ ರೀತಿ ಅವಮಾನಕರವಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮನೆಗೆಲಸದಾಕೆಯ ಕುಟುಂಬವನ್ನು ಟಿ ವೀಸಾದ ಮೇಲೆ ಅಮೆರಿಕಕ್ಕೆ ಕರೆಸಿಕೊಂಡರೆಂಬ ಸುದ್ದಿ ಬಂದಾಗ ನಮ್ಮ ಸಹೋದ್ಯೋಗಿಗಳೊಬ್ಬರು, “ನೋಡಿದಿರಾ, ಎಲ್ಲ ನಾಟಕವೂ ಗ್ರೀನ್ ಕಾರ್ಡಿಗಾಗಿ!” ಎಂದರು. ಎಲ್ಲರೂ ತಲೆಯಾಡಿಸಿದೆವು. ನಾನೂ. ಆಕೆಗೆ ಸಂಬಳವೆಷ್ಟು ಸಿಗುತ್ತಿತ್ತು, ರಜೆ ಇತ್ತೇ, ಪಾಸ್‌ಪೋರ್ಟ್ ಯಾರ ಬಳಿ ಇತ್ತು ಎಂದು ಆ ಕೊಠಡಿಯಲ್ಲಿ ಒಬ್ಬರೂ ಕೇಳಲಿಲ್ಲ. ಬಲಿಯಾದವರಿಗೆ ಏನಾದರೂ ಸಿಕ್ಕಿತೋ, ಆ ಸಿಕ್ಕಿದ್ದನ್ನೇ ಅವರ ಸುಳ್ಳಿಗೆ ಪುರಾವೆಯಾಗಿ ಹಿಡಿಯುವ ಬುದ್ಧಿ ನಮ್ಮದು. ಈ ಸಂಶಯಕ್ಕೆ ಸಾಕ್ಷಿಯ ಷರತ್ತೇ ನೀರೆರೆಯುತ್ತದೆ: ನುಡಿದ ಸಾಕ್ಷಿಗೆ ವೀಸಾ ಎಂಬ ಪ್ರತಿಫಲ ಅಂಟಿಕೊಂಡ ಮೇಲೆ, ಆರೋಪಿಯ ವಕೀಲ ನ್ಯಾಯಾಲಯದಲ್ಲಿ ಮೊದಲು ಕೇಳುವ ಪ್ರಶ್ನೆ ಅದೇ ತಾನೆ?

ಇದಕ್ಕೆ ವಿರುದ್ಧವಾದ ವಾದ ಗಟ್ಟಿಯಾಗಿಯೇ ಇದೆ. ಬಲಿಯಾದವರು ಮಾತಾಡದಿದ್ದರೆ ದಲ್ಲಾಳಿಗಳು ಸಿಕ್ಕುವುದು ಹೇಗೆ? ಷರತ್ತಿಲ್ಲದಿದ್ದರೆ ಸುಳ್ಳು ಅರ್ಜಿಗಳ ಪ್ರವಾಹ ಬರುವುದಿಲ್ಲವೇ? ಮೊದಲನೆಯದಕ್ಕೆ ನನ್ನ ಉತ್ತರ ಮೇಲೆ ಹೇಳಿದ ಕೊಟ್ಟಿಗೆಯಲ್ಲಿಯೇ ಇದೆ. ಸುರಕ್ಷಿತ ಜಾಗದಲ್ಲಿ ನಾಲ್ಕು ದಿನ ಉಂಡು ಮಲಗಿದವನು ಹೇಳುವ ಸಾಕ್ಷಿ, ಹೆದರಿ ನಿಂತವನು ಹೇಳುವ ಸಾಕ್ಷಿಗಿಂತ ಪೊಲೀಸರಿಗೂ ಹೆಚ್ಚು ಉಪಯೋಗ. ಎರಡನೆಯದಕ್ಕೆ ಅಂಕಿ ಉತ್ತರ ಹೇಳುತ್ತದೆ. ವರ್ಷಕ್ಕೆ 5,000 ಟಿ ವೀಸಾಗಳನ್ನು ಕೊಡಬಹುದೆಂದು ಕಾನೂನು ಮಿತಿ ಹಾಕಿತು. ಮೊದಲ ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ಆ ಮಿತಿ ಮುಟ್ಟಲಿಲ್ಲ. ಅರ್ಜಿಗಳು ಏರತೊಡಗಿದ್ದು ಈಚಿನ ವರ್ಷಗಳಲ್ಲಿ. ಇಷ್ಟು ದೊಡ್ಡ ದೇಶದಲ್ಲಿ ಬಲಿಯಾದವರು ಅಷ್ಟೇ ಇದ್ದರೆಂದು ಯಾರೂ ನಂಬಲಾರರು.

ಷರತ್ತಿನ ಬಗ್ಗೆ ಕಾನೂನಿಗೇ ಅನುಮಾನವಿದ್ದಂತಿದೆ. ದೇಹ ಅಥವಾ ಮನಸ್ಸಿಗಾದ ಆಘಾತದಿಂದ ಸಹಕರಿಸಲು ಆಗದವರಿಗೆ ವಿನಾಯಿತಿಯುಂಟು, ಆದರೆ ಆ ಆಘಾತಕ್ಕೂ ಪುರಾವೆ ಕೊಡಬೇಕು. ಪೊಲೀಸರ ಪ್ರಮಾಣಪತ್ರ ಅರ್ಜಿಯ ಜೊತೆ ಇರಲೇಬೇಕೆಂದಿಲ್ಲ. 2017ರ ಜನವರಿಯಿಂದ ಅದಕ್ಕಿದ್ದ ವಿಶೇಷ ತೂಕವನ್ನೂ ತೆಗೆದು ಉಳಿದ ಪುರಾವೆಗಳ ಸಾಲಿಗೆ ಸೇರಿಸಿದರು. ಒಳ್ಳೆಯದೇ. ಹದಿನೆಂಟು ತುಂಬುವ ಮೊದಲು ಬಲಿಯಾದವರಿಗೂ ಸಹಕಾರದ ಷರತ್ತಿಲ್ಲ. ಇಲ್ಲಿ ನಾವು ಮೇಷ್ಟ್ರುಗಳು ಸ್ವಲ್ಪ ತಲೆ ತಗ್ಗಿಸಬೇಕು. ನಮ್ಮ ಹಳ್ಳಿಗಳಲ್ಲಿ ಒಂದನೆಯ ತರಗತಿಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟು ಮಕ್ಕಳಿಗೆ ಜೂನ್ ಒಂದನೆಯ ತಾರೀಖನ್ನು ನಾವೇ ದಯಪಾಲಿಸಿಲ್ಲ! ವಯಸ್ಸು ಸಾಲದಿದ್ದರೆ ಒಂದು ವರ್ಷ ಹಿಂದಕ್ಕೂ ತಳ್ಳಿದ್ದೇವೆ. ಅಂದು ಸದುದ್ದೇಶದಿಂದ ಬರೆದ ಆ ಸಾಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲಕ ಪಾಸ್‌ಪೋರ್ಟಿಗೆ ಹೋಗುತ್ತದೆ. ದೂರದ ದೇಶದ ಅಧಿಕಾರಿಯ ಮೇಜಿನ ಮೇಲೆ ಆ ಒಂದು ವರ್ಷ ಒಬ್ಬಳ ಬದುಕನ್ನೇ ಅಳೆಯಬಹುದು.

ಶಾಲೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1999ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಆಂಧ್ರದ ಹದಿನೇಳರ ಹುಡುಗಿಯೊಬ್ಬಳು ವಿಷಾನಿಲದಿಂದ ಸತ್ತಳು. ಎಲ್ಲರೂ ಅದನ್ನು ಅಪಘಾತವೆಂದುಕೊಂಡರು. ಅಲ್ಲಿನ ಹೈಸ್ಕೂಲಿನ ಇಬ್ಬರು ವಿದ್ಯಾರ್ಥಿನಿಯರು ಮಾತ್ರ ‘ಈ ವಯಸ್ಸಿನವಳು ನಮ್ಮ ಶಾಲೆಯಲ್ಲಿ ಯಾಕಿರಲಿಲ್ಲ?’ ಎಂದು ಕೇಳಿಕೊಂಡು ಹೊರಟು, ಆಕೆ ಜೀತದಾಳಾಗಿ ಬಂದಿರಬಹುದೆಂಬ ಸಂಶಯವನ್ನು ಶಾಲಾ ಪತ್ರಿಕೆಯಲ್ಲಿ ಬರೆದರು. ಮುಂದೆ ಆ ಕಟ್ಟಡದ ಮಾಲೀಕ ಲಕಿರೆಡ್ಡಿ ಬಾಲಿರೆಡ್ಡಿ ತಪ್ಪೊಪ್ಪಿಕೊಂಡು 2001ರಲ್ಲಿ ಎಂಟು ವರ್ಷಗಳ ಶಿಕ್ಷೆಗೆ ಗುರಿಯಾದ. ಮಕ್ಕಳಿಗೆ ಹೊಳೆದದ್ದು ಹಾಜರಿ ಪುಸ್ತಕದ ಪ್ರಶ್ನೆ. ನಾವು ದಿನಾ ಹಾಜರಿ ಕರೆದವರು.

ಷರತ್ತಿಲ್ಲದೆ ನಡೆಸಲು ಸಾಧ್ಯವಿಲ್ಲವೇ? ಇಟಲಿ 1998ರಲ್ಲಿಯೇ ತನ್ನ ವಲಸೆ ಕಾನೂನಿನ 18ನೆಯ ವಿಧಿಯಲ್ಲಿ ಅದಕ್ಕೆ ದಾರಿ ಮಾಡಿತು. ಅಪಾಯದಲ್ಲಿರುವವರು ದೂರು ಕೊಡದಿದ್ದರೂ ಪುನರ್ವಸತಿ ಕಾರ್ಯಕ್ರಮಕ್ಕೆ ಸೇರಿ ಅಲ್ಲಿ ನೆಲೆಸುವ ಪರವಾನಗಿ ಪಡೆಯಬಹುದು. ಅಮೆರಿಕದಲ್ಲಿ ಇಂದು ಗಾಳಿ ಬೀಸುತ್ತಿರುವುದು ಬೇರೆ ಕಡೆಗೆ. ಅರ್ಜಿ ತಿರಸ್ಕೃತವಾದವರನ್ನು ಗಡೀಪಾರಿನ ವಿಚಾರಣೆಗೆ ಕಳುಹಿಸುವ ನೀತಿಯನ್ನು 2018ರಲ್ಲಿ ತಂದರು, 2021ರಲ್ಲಿ ಕೈಬಿಟ್ಟರು, 2025ರ ಫೆಬ್ರವರಿಯಲ್ಲಿ ಮತ್ತೆ ತಂದರು. ಹೀಗಾದಾಗ ಸತ್ಯವಾಗಿ ನೊಂದವಳೂ ಅರ್ಜಿ ಹಾಕುವ ಮೊದಲು ಹತ್ತು ಸಲ ಯೋಚಿಸುತ್ತಾಳೆ. ಹಿಡಿದಿಟ್ಟವನ ಬೆದರಿಕೆಯೂ ಸರ್ಕಾರದ ನೋಟಿಸೂ ಅವಳಿಗೆ ಒಂದೇ ಭಾಷೆಯಲ್ಲಿ ಕೇಳಿಸುತ್ತವೆ.

ಪರದೇಶವನ್ನು ಬೈದು ಮುಗಿಸುವುದು ಸುಲಭ. ನಮ್ಮಲ್ಲಿ ಜೀತವಿಮುಕ್ತರ ಪುನರ್ವಸತಿಗೆ 2016ರಲ್ಲಿ ಕೇಂದ್ರ ಸರ್ಕಾರ ಹೊಸ ಯೋಜನೆ ತಂದು ನೆರವನ್ನು ಒಂದರಿಂದ ಮೂರು ಲಕ್ಷ ರೂಪಾಯಿಗಳವರೆಗೆ ಏರಿಸಿತು. ಆದರೆ ಆ ಪೂರ್ಣ ಮೊತ್ತವನ್ನು ಮೊಕದ್ದಮೆಯ ಫಲಿತಾಂಶಕ್ಕೆ ಗಂಟುಹಾಕಿತು. ಕೂಡಲೇ ಕೈಗೆ ಸಿಗುವುದೆಂದರೆ ಮೊದಲು 20,000, ನಂತರ ಏರಿಸಿದ ಮೇಲೆ 30,000 ರೂಪಾಯಿಯವರೆಗಿನ ತಕ್ಷಣದ ನೆರವು. ನ್ಯಾಯಾಲಯದಲ್ಲಿ ಮೊಕದ್ದಮೆ ಮುಗಿಯುವಷ್ಟರಲ್ಲಿ ಆ ಕುಟುಂಬ ಮತ್ತೆ ಯಾರದೋ ಇಟ್ಟಿಗೆ ಗೂಡಿನಲ್ಲಿ ಮುಂಗಡ ಪಡೆದಿರುತ್ತದೆ. ಅಲ್ಲಿಯೂ ಇಲ್ಲಿಯೂ ಒಂದೇ ತಪ್ಪು: ಮೊದಲು ರುಜುವಾತು, ಆಮೇಲೆ ಚಾಪೆ.

ಕೊನೆಗೆ ನನ್ನ ಶಿಷ್ಯೆಗೆ ಏನು ಪದ ಕೊಟ್ಟೆನೆಂದು ನೀವು ಕೇಳಬಹುದು. ನಿಘಂಟುಗಳನ್ನು ತಿರುವಿದೆ. ಒತ್ತಾಯ, ದಬ್ಬಾಳಿಕೆ, ನಿರ್ಬಂಧ, ಯಾವುದೂ ಸರಿಹೊಂದಲಿಲ್ಲ. ಎರಡು ದಿನ ಬಿಟ್ಟು ನಾನೇ ಕರೆ ಮಾಡಿ, “ಪದ ಬೇಡಮ್ಮ, ಪ್ರಶ್ನೆಯಾಗಿ ಕೇಳು. ‘ನೀವು ಕೆಲಸ ಬಿಟ್ಟಿದ್ದರೆ ಏನಾಗುತ್ತಿತ್ತು?’ ಅಂತ ಕೇಳಿ ಸುಮ್ಮನೆ ಕೂತುಕೋ” ಎಂದೆ. ವಕೀಲರು ಒಪ್ಪಬೇಕಲ್ಲ ಸರ್ ಎಂದಳು. ಒಪ್ಪಿದರಂತೆ. ಹೋದ ವಾರ ಒಂದೇ ಸಾಲಿನ ಸಂದೇಶ ಬಂತು: “ಎರಡು ಗಂಟೆ ಮಾತಾಡಿದರು ಸರ್. ಅರ್ಜಿ ಹಾಕಿದ್ದೇವೆ.”

ಅದರಾಚೆಗಿನದನ್ನು ನಾನು ಕೇಳುವಂತಿಲ್ಲ.